ಬೇರೆಯವರ ಕಾರ್ಡಿನಲ್ಲಿ ಪುಸ್ತಕ ಇಶ್ಯೂ ಆಗುವುದನ್ನು ಕೌಂಟರಿನಲ್ಲಿ ತಡೆಯುವುದು ಹೇಗೆ?

ಕೌಂಟರ್ ನಂ. 2 (ಪ್ರಶ್ನೆ)

ಎಂಜಿನಿಯರಿಂಗ್ ಕಾಲೇಜಿನ ಗ್ರಂಥಾಲಯ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಡಿ. ಗ್ರಂಥಾಲಯದ ಕೆಲಸಕ್ಕೆ ಕೋಹಾ ಎಂಬ ತಂತ್ರಾಂಶ ಬಳಸುತ್ತೇವೆ. ಎರಡು ಇಶ್ಯೂ ಕೌಂಟರ್ ಇವೆ, ಈಗ ಹೊಸದಾಗಿ ಒಂದು ಸೆಲ್ಫ್ ಚೆಕ್‌ಔಟ್ ಕಿಯೋಸ್ಕ್ ಬಂದಿದೆ. ಕಾಲೇಜಿನ ಐಡಿ ಕಾರ್ಡೇ ಗ್ರಂಥಾಲಯದ ಕಾರ್ಡ್. ಅದರ ಬಾರ್‌ಕೋಡಿನಲ್ಲಿರುವುದು ವಿದ್ಯಾರ್ಥಿಯ ಯುಎಸ್‌ಎನ್ (ವಿಶ್ವವಿದ್ಯಾಲಯ ಕೊಡುವ ನೋಂದಣಿ ಸಂಖ್ಯೆ), ಕೋಹಾದ ಕಾರ್ಡ್ ನಂಬರ್ ಕೂಡ ಅದೇ.

ತೊಂದರೆಗಳು ಇವು. ಕೊನೆಯ ಸೆಮಿಸ್ಟರಿನಲ್ಲಿ ನೋ ಡ್ಯೂ (ಬಾಕಿ ಇಲ್ಲ ಎಂಬ ಪತ್ರ) ಕೊಡುವಾಗ "ಈ ಪುಸ್ತಕ ನಾನು ತಗೊಂಡೇ ಇಲ್ಲ" ಎನ್ನುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಗೆಳೆಯರ ಕಾರ್ಡ್ ತರುವವರು, ಕಾರ್ಡಿನ ಫೋಟೊವನ್ನು ಮೊಬೈಲಿನಲ್ಲಿ ತೋರಿಸುವವರೂ ಇದ್ದಾರೆ. ಮೊದಲ ವರ್ಷದವರಿಗೆ ಯುಎಸ್‌ಎನ್ ಬರುವುದೇ ತಡ, ಅಲ್ಲಿಯವರೆಗೆ ಕೈಬರಹದ ಚೀಟಿಯ ಮೇಲೆ ಪುಸ್ತಕ ಕೊಡುತ್ತೇವೆ. ಇದರ ಜೊತೆಗೆ ಹಳೆಯ ವಿದ್ಯಾರ್ಥಿಗಳಿಗೂ ಊರಿನ ಓದುಗರಿಗೂ ಸದಸ್ಯತ್ವ ಕೊಡಿ ಎಂದು ಆಡಳಿತ ಮಂಡಳಿ ಹೇಳಿದೆ. ಅವರಿಂದ ಆಧಾರ್ ಜೆರಾಕ್ಸ್ ತೆಗೆದಿಟ್ಟುಕೊಳ್ಳಿ ಎಂಬ ಸೂಚನೆಯೂ ಬಂದಿದೆ.

ಬಿಡುವಿನ ವೇಳೆ ಕೌಂಟರಿನ ಮುಂದೆ ಉದ್ದ ಸಾಲು ಇರುತ್ತದೆ. ಒಬ್ಬೊಬ್ಬರನ್ನೂ ವಿಚಾರಣೆ ಮಾಡುತ್ತ ಕೂರಲು ಆಗುವುದಿಲ್ಲ. ಸಾಲು ನಿಲ್ಲಬಾರದು, ಗುರುತೂ ಖಚಿತವಾಗಬೇಕು. ಏನು ಮಾಡಬಹುದು?

ಚಾರ್ಜಿಂಗ್ ಟ್ರೇ

ಸರ್, ವಿದ್ಯಾರ್ಥಿಯನ್ನು ಅನುಮಾನಿಸುವ ಮೊದಲು ಕೌಂಟರನ್ನು ಅನುಮಾನಿಸಿ. "ನಾನು ತಗೊಂಡಿಲ್ಲ" ಎಂಬ ತಕರಾರಿಗೆ ತೀರಾ ಸಾಮಾನ್ಯ ಕಾರಣ ಬೇರೆಯವರ ಕಾರ್ಡ್ ಅಲ್ಲ, ಹಿಂದಿನವರ ಪರದೆ. ಒಬ್ಬರಿಗೆ ಇಶ್ಯೂ ಮುಗಿದಿರುತ್ತದೆ, ಅವರ ಖಾತೆ ತೆರೆದೇ ಇರುತ್ತದೆ. ಮುಂದಿನವರು ಪುಸ್ತಕದ ಅಡಿಯಲ್ಲಿ ಕಾರ್ಡ್ ಇಟ್ಟು ಚಾಚುತ್ತಾರೆ, ಅಟೆಂಡರ್ ಮೊದಲು ಪುಸ್ತಕವನ್ನೇ ಸ್ಕ್ಯಾನ್ ಮಾಡುತ್ತಾರೆ. ಪುಸ್ತಕ ಹೋಗಿ ಹಿಂದಿನವರ ಖಾತೆಗೆ ಕೂರುತ್ತದೆ. ಆ ಹುಡುಗ ಹೇಳುವುದು ನೂರಕ್ಕೆ ನೂರು ನಿಜ.

ಇದಕ್ಕೆ ಕೋಹಾದಲ್ಲಿ ಎರಡು ಸೆಟ್ಟಿಂಗ್ ಇವೆ. ಒಂದು "ಡಿಸ್‌ಪ್ಲೇ ಕ್ಲಿಯರ್ ಸ್ಕ್ರೀನ್ ಬಟನ್". ಅದನ್ನು ಆನ್ ಮಾಡಿ, ಪ್ರತಿ ಇಶ್ಯೂ ಮುಗಿದ ಕೂಡಲೇ ಪರದೆ ಖಾಲಿ ಮಾಡುವುದನ್ನು ಕೈಗೆ ರೂಢಿ ಮಾಡಿಸಿ. ಇನ್ನೊಂದು "ಆಟೋ ಸ್ವಿಚ್ ಪೇಟ್ರನ್" (ಪೇಟ್ರನ್ ಎಂದರೆ ಸದಸ್ಯ). ಇದು ಆನ್ ಇದ್ದರೆ ಪುಸ್ತಕದ ಬಾಕ್ಸಿನಲ್ಲಿ ಕಾರ್ಡ್ ಸ್ಕ್ಯಾನ್ ಆದರೂ ಖಾತೆ ತಾನಾಗಿ ಬದಲಾಗುತ್ತದೆ. ಆದರೆ ಸದಸ್ಯರ ನಂಬರೂ ಪುಸ್ತಕದ ಬಾರ್‌ಕೋಡೂ ಎಲ್ಲಿಯೂ ಒಂದೇ ಆಗಿರಬಾರದು. ಯುಎಸ್‌ಎನ್‌ನಲ್ಲಿ ಅಕ್ಷರಗಳಿರುವುದರಿಂದ ವಿದ್ಯಾರ್ಥಿಗಳ ಮಟ್ಟಿಗೆ ಭಯವಿಲ್ಲ. ಸಿಬ್ಬಂದಿಗೆ ಬರೀ ಅಂಕಿಯ ನಂಬರ್ ಕೊಟ್ಟಿದ್ದು, ಪುಸ್ತಕದ ಅಕ್ಸೆಷನ್ ನಂಬರೂ (ದಾಖಲೆ ಸಂಖ್ಯೆ) ಬರೀ ಅಂಕಿಯೇ ಆಗಿದ್ದರೆ ಡಿಕ್ಕಿ ಹೊಡೆಯುತ್ತದೆ. ಸಿಬ್ಬಂದಿ ನಂಬರಿನ ಮುಂದೆ ಒಂದು ಅಕ್ಷರ ಸೇರಿಸಿದರೆ ಮುಗಿಯಿತು.

ಈಗ ಫೋಟೊ. ಕಾರ್ಡ್ ಹೇಳುವುದು ಯಾವ ಖಾತೆ ಎಂದು ಮಾತ್ರ; ಎದುರಿಗೆ ನಿಂತವರು ಯಾರು ಎಂದು ಅದು ಹೇಳುವುದಿಲ್ಲ. ಅದಕ್ಕೆ ಪರದೆಯ ಮೇಲೆ ಮುಖ ಕಾಣಬೇಕು. "ಪೇಟ್ರನ್ ಇಮೇಜಸ್" ಆನ್ ಮಾಡಿ. ಪ್ರವೇಶ ವಿಭಾಗದಲ್ಲಿರುವ ಫೋಟೊಗಳನ್ನು ಒಂದೇ ಜಿಪ್ ಫೈಲಿನಲ್ಲಿ ಏರಿಸಬಹುದು. ಫೋಟೊಗಳ ಜೊತೆಗೆ ಐಡಿಲಿಂಕ್ ಅಥವಾ ಡೇಟಾಲಿಂಕ್ ಎಂಬ ಹೆಸರಿನ (ದೊಡ್ಡಕ್ಷರಗಳಲ್ಲಿ) ಟೆಕ್ಸ್ಟ್ ಫೈಲ್ ಇಡಿ. ಸಾಲಿಗೊಂದರಂತೆ ಕಾರ್ಡ್ ನಂಬರ್, ಕಾಮಾ, ಫೋಟೊ ಫೈಲಿನ ಹೆಸರು, ಅಷ್ಟೇ. ಕೈಕೊಡುವುದು ಸಣ್ಣ ಸಂಗತಿಗಳಲ್ಲಿ: ಪಟ್ಟಿಯಲ್ಲಿ ಜೆಪಿಜಿ ಎಂದಿದ್ದು ಫೈಲ್ ಜೆಪಿಇಜಿ ಆಗಿರುವುದು, ಎಕ್ಸೆಲ್‌ನಿಂದ ನಕಲಿಸುವಾಗ ನಂಬರಿನ ಹಿಂದೆ ಖಾಲಿ ಜಾಗ ಉಳಿಯುವುದು. ಒಂದು ವಿಭಾಗದ ಫೋಟೊ ಮೊದಲು ಏರಿಸಿ ನೋಡಿ, ಆಮೇಲೆ ಉಳಿದದ್ದು. ಪಿಯುಸಿ ಕಾಲದ ಫೋಟೊ ಮೂರನೇ ವರ್ಷಕ್ಕೆ ಹೊಂದುವುದಿಲ್ಲ. ಆಗ ಕೌಂಟರಿನಲ್ಲೇ ವೆಬ್‌ಕ್ಯಾಮ್‌ನಿಂದ ಹೊಸದು ತೆಗೆಯಿರಿ. ಈಚಿನ ಆವೃತ್ತಿಗಳಲ್ಲಿ ಸದಸ್ಯರ ಪುಟದಲ್ಲೇ ಆ ಅನುಕೂಲ ಇದೆ.

ಕೌಂಟರಿನ ಕ್ರಮ: ಕಾರ್ಡ್ ಸ್ಕ್ಯಾನ್, ಪರದೆಯ ಮುಖ, ಎದುರಿನ ಮುಖ, ಆಮೇಲೆ ಪುಸ್ತಕ. ಸಾಲು ಇದರಿಂದ ನಿಲ್ಲುವುದಿಲ್ಲ. ಅನುಮಾನ ಬಂದರೆ "ನೀವು ಇವರೇನಾ?" ಎಂದು ಕೇಳಬೇಡಿ, ಎಲ್ಲರೂ ಹೌದೆನ್ನುತ್ತಾರೆ. ಗೆಳೆಯನ ಹೆಸರೂ ಬ್ರ್ಯಾಂಚೂ ಗೊತ್ತೇ ಇರುತ್ತದೆ. "ನಿಮ್ಮ ಹೆಸರಲ್ಲಿ ಈಗ ಯಾವ ಪುಸ್ತಕ ಇದೆ?" ಎಂದು ಕೇಳಿ.

ಯುಎಸ್‌ಎನ್ ಅನ್ನೇ ಕಾರ್ಡ್ ನಂಬರ್ ಮಾಡಿರುವುದು ನಿಮ್ಮ ವ್ಯವಸ್ಥೆಯ ನಿಜವಾದ ದೌರ್ಬಲ್ಯ. ಪ್ರದೇಶ, ಕಾಲೇಜು, ವರ್ಷ, ಬ್ರ್ಯಾಂಚ್ ಎಲ್ಲ ಒಂದೇ; ಕೊನೆಯ ಮೂರು ಅಂಕಿ ಬದಲಿಸಿದರೆ ಪಕ್ಕದ ಬೆಂಚಿನವನ ನಂಬರ್. ಯಾವುದೇ ಬಾರ್‌ಕೋಡ್ ತಾಣದಲ್ಲಿ ಅದನ್ನು ಹಾಕಿ ಪ್ರಿಂಟ್ ತೆಗೆಯಬಹುದು. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಕಾರ್ಡ್ ಕಳೆದಾಗ ಅದನ್ನು ರದ್ದು ಮಾಡುವಂತಿಲ್ಲ, ಹೊಸ ಕಾರ್ಡಿನಲ್ಲೂ ಅದೇ ನಂಬರ್! ಗ್ರಂಥಾಲಯಕ್ಕೆ ಬೇರೆಯದೇ ನಂಬರ್ ಕೊಡಿ, ಅದರ ಕೊನೆಯ ಅಂಕಿ ಎಷ್ಟನೇ ಕಾರ್ಡ್ ಎಂಬುದಕ್ಕೆ ಮೀಸಲಿಡಿ. ಮೊದಲ ಕಾರ್ಡಿಗೆ 1. ಕಳೆದರೆ ಅದೇ ಖಾತೆಯಲ್ಲಿ ನಂಬರ್ ತಿದ್ದಿ 2. ಹಳೆಯ ಕಾರ್ಡ್ ಆ ಕ್ಷಣಕ್ಕೇ ಸತ್ತಂತೆ. ಹೊಸ ಖಾತೆ ಮಾತ್ರ ತೆರೆಯಬೇಡಿ, ಬಾಕಿಯೂ ದಂಡವೂ ಎರಡು ಕಡೆ ಹರಿದು ಹೋಗುತ್ತದೆ. ಕಳೆದಿದೆ ಎಂದು ಹೇಳಿದ ದಿನದಿಂದ ಹೊಸ ಕಾರ್ಡ್ ಬರುವವರೆಗೆ "ಲಾಸ್ಟ್ ಕಾರ್ಡ್" ಗುರುತು ಹಾಕಿಡಿ, ಇಶ್ಯೂ ನಿಲ್ಲುತ್ತದೆ. ಹೊಸ ಕಾರ್ಡ್ ಕೊಟ್ಟ ಮೇಲೆ ಅದನ್ನು ತೆಗೆಯಲು ಮರೆತರೆ ಮಾರನೆಯ ದಿನ ಅದೇ ಹುಡುಗ ಜಗಳಕ್ಕೆ ಬರುತ್ತಾನೆ.

ಯುಎಸ್‌ಎನ್‌ಗೆ ಪ್ರತ್ಯೇಕ ಪೇಟ್ರನ್ ಆಟ್ರಿಬ್ಯೂಟ್ (ಸದಸ್ಯರ ಖಾತೆಯಲ್ಲಿ ಒಂದು ಹೆಚ್ಚುವರಿ ಜಾಗ) ಮಾಡಿ, "ಯೂನಿಕ್" ಮತ್ತು "ಸರ್ಚೆಬಲ್" ಎರಡಕ್ಕೂ ಟಿಕ್ ಹಾಕಿ. ಆಗ ಮೊದಲ ವರ್ಷದವರ ಚೀಟಿ ವ್ಯವಹಾರವೂ ತಪ್ಪುತ್ತದೆ: ಪ್ರವೇಶದ ದಿನವೇ ಖಾತೆ, ಕಾರ್ಡ್ ಎರಡೂ ತಯಾರು. ಯುಎಸ್‌ಎನ್ ಬಂದಾಗ ಆ ಒಂದು ಜಾಗ ತುಂಬಿದರಾಯಿತು. ಡಿಪ್ಲೊಮಾದಿಂದ ನೇರ ಎರಡನೇ ವರ್ಷಕ್ಕೆ ಬರುವ 400ರ ಸರಣಿಯ ಯುಎಸ್‌ಎನ್‌ನವರಿಗೂ ಇದೇ ದಾರಿ. ಐಡಿ ಕಾರ್ಡ್ ಮುದ್ರಿಸುವವರು ಒಪ್ಪದಿದ್ದರೆ ಹಿಂಬದಿಗೆ ನಿಮ್ಮದೇ ಬಾರ್‌ಕೋಡ್ ಸ್ಟಿಕರ್ ಅಂಟಿಸಿ ಮೇಲೆ ಪಾರದರ್ಶಕ ಟೇಪ್ ಹಾಕಿ.

ಮೊಬೈಲಿನಲ್ಲಿ ಕಾರ್ಡಿನ ಫೋಟೊ ತೋರಿಸುವ ವಿಚಾರ: ಹಳೆಯ ಲೇಸರ್ ಸ್ಕ್ಯಾನರ್ ಮೊಬೈಲ್ ಪರದೆಯನ್ನು ಓದುವುದಿಲ್ಲ, ಇಮೇಜರ್ (ಕ್ಯಾಮೆರಾದಂತೆ ಚಿತ್ರ ಹಿಡಿಯುವ) ಮಾದರಿಯದು ಸಲೀಸಾಗಿ ಓದುತ್ತದೆ. ಹೊಸ ಸ್ಕ್ಯಾನರ್ ತಂದ ಮೇಲೆ ಈ ಚಾಳಿ ಹೆಚ್ಚಾಗಿದ್ದರೆ ಕಾರಣ ಅದು. ಫೋಟೊಗೆ ಇಶ್ಯೂ ಇಲ್ಲ ಎಂದು ಬೋರ್ಡ್ ಹಾಕಿಬಿಡಿ.

ಕೌಂಟರ್ ನಂ. 2

ಹಿಂದಿನವರ ಪರದೆಯ ಕಡೆ ಗಮನವೇ ಹೋಗಿರಲಿಲ್ಲ. ಎರಡೂ ಕೌಂಟರಿನಲ್ಲಿ ಒಂದೇ ಲಾಗಿನ್ ಬಳಸುತ್ತೇವೆ, ಯಾರು ಇಶ್ಯೂ ಮಾಡಿದ್ದು ಎಂದು ತಿಳಿಯುವುದೂ ಇಲ್ಲ. ಹಾಗೂ ತಕರಾರು ಬಂದೇ ಬಂದರೆ ತೀರ್ಮಾನ ಯಾವ ಆಧಾರದ ಮೇಲೆ?

ಚಾರ್ಜಿಂಗ್ ಟ್ರೇ

ಒಂದೇ ಲಾಗಿನ್ ಇವತ್ತೇ ನಿಲ್ಲಿಸಿ. ಒಬ್ಬೊಬ್ಬರಿಗೂ ಬೇರೆ ಲಾಗಿನ್ ಕೊಟ್ಟು "ರೆಕಾರ್ಡ್ ಸ್ಟಾಫ್ ಯೂಸರ್ ಆನ್ ಚೆಕ್‌ಔಟ್" ಆನ್ ಮಾಡಿ. "ಇಶ್ಯೂ ಲಾಗ್" ಕೂಡ ಆನ್ ಇರಲಿ. ಆಗ ಪ್ರತಿ ಇಶ್ಯೂಗೂ ಗಂಟೆ, ನಿಮಿಷ, ಮಾಡಿದವರ ಹೆಸರು ಸಿಗುತ್ತದೆ. ಹಿಂದಿನ ಇಶ್ಯೂ ಯಾರದು ಎಂದು ನೋಡಿ. ಅರ್ಧ ನಿಮಿಷ ಮುಂಚೆ ಅದೇ ಕೌಂಟರಿನಲ್ಲಿ ತಕರಾರು ಮಾಡಿದವರಿಗೇ ಬೇರೆ ಪುಸ್ತಕ ಇಶ್ಯೂ ಆಗಿ, ಅವರ ಖಾತೆಗೇ ಈ ಪುಸ್ತಕವೂ ಸೇರಿದ್ದರೆ ಅದು ಪರದೆಯ ತಪ್ಪು. ಸಿಸಿಟಿವಿ ದೃಶ್ಯ ಕೆಲವೇ ವಾರಗಳಲ್ಲಿ ತನ್ನ ಮೇಲೇ ಬರೆದುಕೊಳ್ಳುತ್ತದೆ, ನಾಲ್ಕನೇ ವರ್ಷದ ನೋ ಡ್ಯೂ ಹೊತ್ತಿಗೆ ಅದನ್ನು ನಂಬಿ ಕೂರಬೇಡಿ.

ತಕರಾರು ಅದೇ ದಿನ ಬರುವಂತೆ ಮಾಡುವುದು ಇದಕ್ಕಿಂತ ಮುಖ್ಯ. ಇಶ್ಯೂ ಆದ ಕೂಡಲೇ ಖಾತೆಯ ಒಡೆಯನಿಗೆ ಮೇಲ್ ಹೋಗಲಿ. "ಎನ್‌ಹ್ಯಾನ್ಸ್ಡ್ ಮೆಸೇಜಿಂಗ್ ಪ್ರಿಫರೆನ್ಸಸ್" ಆನ್ ಮಾಡಿ, ಪ್ರತಿ ಸದಸ್ಯ ವರ್ಗಕ್ಕೂ "ಐಟಂ ಚೆಕ್‌ಔಟ್" ಎದುರು ಇಮೇಲ್ ಟಿಕ್ ಹಾಕಿ. ಇಲ್ಲಿ ಎಲ್ಲರೂ ಎಡವುತ್ತಾರೆ: ಈ ಟಿಕ್ ಅನ್ವಯಿಸುವುದು ಇನ್ನು ಮುಂದೆ ಸೇರುವವರಿಗೆ ಮಾತ್ರ. ಈಗಾಗಲೇ ಇರುವವರಿಗೆ ಹಚ್ಚಲು ಸರ್ವರ್‌ನಲ್ಲಿ "ಬಾರೋವರ್ಸ್ ಫೋರ್ಸ್ ಮೆಸೇಜಿಂಗ್ ಡಿಫಾಲ್ಟ್ಸ್" ಎಂಬ ಸ್ಕ್ರಿಪ್ಟ್ ಒಮ್ಮೆ ಓಡಿಸಬೇಕು. ಮೇಲ್ ಹೊರಡದಿದ್ದರೆ ಸದಸ್ಯರ "ನೋಟಿಸಸ್" ಟ್ಯಾಬ್ ನೋಡಿ. ಎಲ್ಲವೂ "ಪೆಂಡಿಂಗ್" ಎಂದಿದ್ದರೆ ಮೆಸೇಜ್ ಸರದಿ ಖಾಲಿ ಮಾಡುವ ಕ್ರಾನ್ (ಸರ್ವರ್‌ನಲ್ಲಿ ನಿಗದಿತ ಹೊತ್ತಿಗೆ ತಾನಾಗಿ ಓಡುವ ಕೆಲಸ) ಓಡುತ್ತಿಲ್ಲ ಎಂದರ್ಥ. ಎಸ್ಸೆಮ್ಮೆಸ್ ಬೇಕೆಂದರೆ ಡಿಎಲ್‌ಟಿ (ಟೆಲಿಕಾಂ ಕಂಪನಿಗಳಲ್ಲಿ ಎಸ್ಸೆಮ್ಮೆಸ್ ಕಳಿಸುವ ಸಂಸ್ಥೆಗಳ) ನೋಂದಣಿ, ಟೆಂಪ್ಲೇಟ್ ಒಪ್ಪಿಗೆ ಎಂದು ಓಡಾಟವಿದೆ. ಕಾಲೇಜಿಗೆ ಮೇಲ್ ಸಾಕು.

ನಿಯಮದಲ್ಲಿ ಒಂದು ಸಾಲು ಸೇರಿಸಿ: ಇಶ್ಯೂ ಮೇಲ್ ಬಂದ 3 ದಿನದೊಳಗೆ ಆಕ್ಷೇಪ ಬರದಿದ್ದರೆ ಪುಸ್ತಕ ಖಾತೆಯ ಒಡೆಯನದೇ ಜವಾಬ್ದಾರಿ, ಕಾರ್ಡ್ ಕಳೆದಿದೆ ಎಂದು ತಿಳಿಸಿದ ಹೊತ್ತಿನಿಂದ ಮುಂದೆ ಅವನ ಜವಾಬ್ದಾರಿ ಇಲ್ಲ. ಆ ಹೊತ್ತನ್ನು ಬರೆದು ಅವನಿಗೊಂದು ರಸೀದಿ ಕೊಡಿ.

894.814

ಹೊರಗಿನ ಸದಸ್ಯರ ಆಧಾರ್ ಜೆರಾಕ್ಸ್ ಬಗ್ಗೆ. ದಯವಿಟ್ಟು ಬೇಡ. ಖಾಸಗಿ ಸಂಸ್ಥೆಗಳು ಆಧಾರ್ ಕಡ್ಡಾಯ ಮಾಡುವುದಕ್ಕೆ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲೇ ತಡೆ ಹಾಕಿದೆ. 2019ರ ತಿದ್ದುಪಡಿಯ ಪ್ರಕಾರ ಜನ ಸ್ವಇಚ್ಛೆಯಿಂದ ಆಧಾರ್ ತೋರಿಸಬಹುದು, ಆದರೆ ಆಫ್‌ಲೈನ್ ಆಗಿ ಪರಿಶೀಲಿಸುವ ಸಂಸ್ಥೆ ಆ ನಂಬರನ್ನು ಸಂಗ್ರಹಿಸಿ ಇಟ್ಟುಕೊಳ್ಳುವಂತಿಲ್ಲ. ಕಪಾಟಿನಲ್ಲಿ ನೂರಾರು ಜೆರಾಕ್ಸ್ ಇಟ್ಟುಕೊಂಡರೆ ನಿಮಗೆ ಬರುವ ಲಾಭ ಏನೂ ಇಲ್ಲ, ಸೋರಿದರೆ ಹೊಣೆ ಮಾತ್ರ ನಿಮ್ಮದು. ಜೆರಾಕ್ಸ್‌ನಿಂದ ಗುರುತೂ ಖಚಿತವಾಗುವುದಿಲ್ಲ. ಮೊಬೈಲಿನಲ್ಲೇ ಹೆಸರು ತಿದ್ದಿ ಪ್ರಿಂಟ್ ತೆಗೆಯುವ ಕಾಲ ಇದು.

ಯಾರಾದರೂ ಆಧಾರ್ ತಂದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಸಾಕು. ಅದರ ಕ್ಯುಆರ್ ಕೋಡನ್ನು ಆಧಾರ್ ಪ್ರಾಧಿಕಾರದ (ಯುಐಡಿಎಐ) ಅಧಿಕೃತ ಆ್ಯಪ್‌ನಿಂದ ಓದಿಸಿ. ಕ್ಯುಆರ್ ಒಳಗೆ ಪ್ರಾಧಿಕಾರದ ಡಿಜಿಟಲ್ ಸಹಿಯೂ ಫೋಟೊವೂ ಇರುತ್ತವೆ, ತಿದ್ದಿದ ಕಾರ್ಡ್ ಅಲ್ಲೇ ಸಿಕ್ಕಿಬೀಳುತ್ತದೆ. ನಿಮ್ಮ ಕೌಂಟರ್ ಸ್ಕ್ಯಾನರಿನಿಂದ ಓದಿಸಿದರೆ ಉದ್ದನೆಯ ಅಂಕಿಗಳ ಸಾಲು ಬರುತ್ತದೆ, ಅದು ದೋಷವಲ್ಲ. ಮತದಾರರ ಗುರುತಿನ ಚೀಟಿ, ಡಿಎಲ್, ಪಾಸ್‌ಪೋರ್ಟ್ ಯಾವುದಾದರೂ ನಡೆಯುತ್ತದೆ. ಮೂಲ ಪತ್ರ ನೋಡಿ, ಅರ್ಜಿಯ ಮೇಲೆ "ಡಿಎಲ್ ನೋಡಿದೆ", ದಿನಾಂಕ, ನೋಡಿದವರ ಸಹಿ ಹಾಕಿ ವಾಪಸ್ ಕೊಡಿ.

"ಯಾರು" ಎಂಬುದು ಒಂದು, "ಎಲ್ಲಿರುತ್ತಾರೆ" ಎಂಬುದು ಇನ್ನೊಂದು. ಪುಸ್ತಕ ವಾಪಸ್ ಬರಲು ಬೇಕಾದದ್ದು ಎರಡನೆಯದು. ಬಾಡಿಗೆ ಮನೆಯವರ ಗುರುತಿನ ಚೀಟಿಯಲ್ಲಿ ಊರಿನ ವಿಳಾಸ ಇರುತ್ತದೆ, ಇದರಲ್ಲಿ ಮೋಸ ಏನಿಲ್ಲ. ಗ್ಯಾಸ್ ಬಿಲ್ಲೋ ಬಾಡಿಗೆ ಕರಾರೋ ಕೇಳಬಹುದು. ಅದಕ್ಕಿಂತ ಅಗ್ಗದ, ಗಟ್ಟಿ ಉಪಾಯ 50 ಪೈಸೆಯ ಅಂಚೆ ಕಾರ್ಡ್. ಅರ್ಜಿಯ ವಿಳಾಸಕ್ಕೆ ಅರ್ಜಿ ನಂಬರ್ ಬರೆದು ಪೋಸ್ಟ್ ಮಾಡಿ, ಅದನ್ನು ತಂದವರಿಗೆ ಸದಸ್ಯತ್ವದ ಕಾರ್ಡ್ ಕೊಡಿ. ವಿಳಾಸ ಸುಳ್ಳಾದರೆ ಅಂಚೆ ಕಾರ್ಡ್ ಅವರ ಕೈ ಸೇರುವುದೇ ಇಲ್ಲ. ಗೆಜೆಟೆಡ್ ಅಧಿಕಾರಿಯ ಸಹಿ ಕೇಳುವ ಹಳೆಯ ಪದ್ಧತಿಯಿಂದ ಓದುಗರಿಗೆ ಅಲೆದಾಟ ಹೆಚ್ಚು, ನಿಮಗೆ ಸಿಗುವ ಭರವಸೆ ಕಡಿಮೆ.

ಒಬ್ಬರೇ ಎರಡು ಸಲ ಸದಸ್ಯರಾಗುವುದನ್ನೂ ನೋಡಿಕೊಳ್ಳಿ. ಕೋಹಾ ನಕಲು ಪತ್ತೆ ಮಾಡುವುದು ಉಪನಾಮ, ಹೆಸರು, ಹುಟ್ಟಿದ ದಿನಾಂಕ ಮೂರನ್ನೂ ತಾಳೆ ನೋಡಿ. ನಮ್ಮ ಹೆಸರುಗಳಿಗೆ ಇದು ಹೊಂದುವುದೇ ಇಲ್ಲ. ಇನಿಶಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ, "ಮಂಜುನಾಥ ಎಚ್. ಎಸ್." ಮತ್ತು "ಎಚ್. ಎಸ್. ಮಂಜುನಾಥ್" ಅದಕ್ಕೆ ಇಬ್ಬರು ಬೇರೆ ಮನುಷ್ಯರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಬರೆಯಬೇಕು, ಇನಿಶಿಯಲ್ ನಡುವೆ ಚುಕ್ಕೆ ಬೇಡ ಎಂದು ಒಂದು ನಿಯಮ ಮಾಡಿ. ಹುಟ್ಟಿದ ದಿನಾಂಕವನ್ನೂ ಬಹಳ ನಂಬಬೇಡಿ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1 ಅರ್ಧ ಊರಿನದು. ಮೊಬೈಲ್ ನಂಬರ್ ಹಾಕಿ ಹುಡುಕಿ ನೋಡುವುದು ಒಳ್ಳೆಯದು, ಅಪ್ಪ ಮಗಳು ಒಂದೇ ನಂಬರ್ ಕೊಟ್ಟಿರಬಹುದು ಎಂಬುದು ನೆನಪಿರಲಿ.

18 ತುಂಬದವರಿದ್ದರೆ ಪೋಷಕರ ಒಪ್ಪಿಗೆ ಬರಹದಲ್ಲಿ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ಅವರೆಲ್ಲ ಮಕ್ಕಳೇ, ನಿಮ್ಮ ಮೊದಲ ವರ್ಷದ ಕೆಲವು ವಿದ್ಯಾರ್ಥಿಗಳೂ ಸೇರಿ.

ಸೀಲು ಮಸಿ

ಇಷ್ಟೆಲ್ಲ ಯಾಕ್ರೀ? ಹಾಜರಿಗೆ ಇಟ್ಟಿರೋ ಬೆರಳಚ್ಚು ಮಷೀನ್ ಕೌಂಟರಿಗೂ ಒಂದು ಇಡ್ರಿ. ಬೆರಳು ಬೇರೆಯವರಿಗೆ ಕೊಡೋಕೆ ಬರಂಗಿಲ್ಲ.

894.814

ಬೆರಳು ಕೊಡಲಾಗದು, ಒಪ್ಪಿದೆ. ಆದರೆ ಬೆರಳಿಗೆ ನಂಬರ್ ಬದಲಿಸಲೂ ಆಗದು. ಆ ದತ್ತಾಂಶ ಒಮ್ಮೆ ಕಳುವಾದರೆ ಜನ್ಮಪೂರ್ತಿ ಕಳುವು. ವರ್ಕ್‌ಶಾಪಿನಿಂದ ಬಂದ ಕೈ, ಮಳೆಗಾಲದ ಒದ್ದೆ ಕೈ, ವಯಸ್ಸಾದವರ ಸವೆದ ಬೆರಳು ಇವನ್ನು ಮಷೀನ್ ಓದುವುದಿಲ್ಲ. ಓದದಿದ್ದಾಗ ಏನು ಮಾಡುತ್ತೀರಿ? ನಂಬರ್ ಟೈಪ್ ಮಾಡಿ ಕೊಡುತ್ತೀರಿ. ಮೋಸ ಮಾಡುವವನು ಬರುವುದೂ ಅದೇ ದಾರಿಯಲ್ಲಿ. ಒಂದು ಪಠ್ಯಪುಸ್ತಕ ಹದಿನೈದು ದಿನಕ್ಕೆ ಕೊಡಲು ಬೆರಳಚ್ಚು ಕೇಳುವುದು ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ.

ರ‍್ಯಾಕ್ ಕೊನೆ

ಕಿಯೋಸ್ಕ್ ಬಗ್ಗೆ ಯಾರೂ ಹೇಳಲಿಲ್ಲ. ಅಲ್ಲಿ ಮುಖ ನೋಡುವವರೇ ಇಲ್ಲ, ಹಾಗಾಗಿ ಪಿನ್ (ಪಾಸ್‌ವರ್ಡ್) ಬೇಕೇ ಬೇಕು. ಕೋಹಾದ ಸ್ವಂತ ಸೆಲ್ಫ್ ಚೆಕ್‌ಔಟ್ ಪುಟವಾದರೆ "ಸೆಲ್ಫ್ ಚೆಕ್‌ಔಟ್ ಬೈ ಲಾಗಿನ್" ಸೆಟ್ಟಿಂಗಿನಲ್ಲಿ ಕಾರ್ಡ್ ನಂಬರ್ ಬದಲು ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಆರಿಸಿ. ಟೈಮ್‌ಔಟ್ ಮೂಲದಲ್ಲಿ 120 ಸೆಕೆಂಡ್ ಇರುತ್ತದೆ, 30ಕ್ಕೆ ಇಳಿಸಿ; ಇಲ್ಲದಿದ್ದರೆ ಮುಗಿಸದೆ ಹೋದವನ ಖಾತೆಗೆ ಅವನ ನಂತರ ಬಂದವನ ಪುಸ್ತಕ ಸೇರುತ್ತದೆ. ಕೌಂಟರಿನ ಪರದೆ ತಪ್ಪೇ ಇಲ್ಲಿಯೂ.

ಬೇರೆ ಕಂಪನಿಯ ಕಿಯೋಸ್ಕ್ ಆದರೆ ಅದು ಎಸ್‌ಐಪಿ2 (ಇಂಥ ಯಂತ್ರಕ್ಕೂ ಗ್ರಂಥಾಲಯದ ತಂತ್ರಾಂಶಕ್ಕೂ ನಡುವಿನ ಸಂದೇಶ ಕ್ರಮ) ಮೂಲಕ ಕೋಹಾದೊಂದಿಗೆ ಮಾತಾಡುತ್ತದೆ. ಸದಸ್ಯರ ನಂಬರ್ ಎಎ ಫೀಲ್ಡಿನಲ್ಲಿ, ಪಾಸ್‌ವರ್ಡ್ ಎಡಿ ಫೀಲ್ಡಿನಲ್ಲಿ ಹೋಗುತ್ತದೆ. ಉತ್ತರದಲ್ಲಿ ಬಿಎಲ್ ಫೀಲ್ಡ್ ವೈ (ಹೌದು) ಎಂದರೆ ಅಂಥ ಸದಸ್ಯರಿದ್ದಾರೆ ಎಂದಷ್ಟೇ. ಪಾಸ್‌ವರ್ಡ್ ಸರಿ ಎಂದು ಹೇಳುವುದು ಸಿಕ್ಯು ಫೀಲ್ಡಿನ ವೈ. ಕೆಲವು ಕಿಯೋಸ್ಕ್‌ಗಳನ್ನು ಬಿಎಲ್ ಮಾತ್ರ ನೋಡುವಂತೆ ಅಳವಡಿಸಿ ಹೋಗಿರುತ್ತಾರೆ. ಕೋಹಾದ ಎಸ್‌ಐಪಿ ಕಾನ್ಫಿಗ್ ಫೈಲಿನಲ್ಲಿ "ಅಲೌ ಎಂಪ್ಟಿ ಪಾಸ್‌ವರ್ಡ್ಸ್" 1 ಆಗಿದೆಯೇ ನೋಡಿ; ಆಗಿದ್ದರೆ ಖಾಲಿ ಪಾಸ್‌ವರ್ಡಿಗೂ ಬಾಗಿಲು ತೆರೆಯುತ್ತದೆ. ಪರೀಕ್ಷೆ ಸುಲಭ: ನಿಮ್ಮದೇ ಕಾರ್ಡ್ ಹಿಡಿದು ಒಮ್ಮೆ ತಪ್ಪು ಪಿನ್, ಒಮ್ಮೆ ಖಾಲಿ ಪಿನ್ ಒತ್ತಿ. ಎರಡರಲ್ಲಿ ಯಾವುದಕ್ಕಾದರೂ ಪುಸ್ತಕ ಸಿಕ್ಕರೆ ಕಂಪನಿಯವರನ್ನು ವಾಪಸ್ ಕರೆಸಿ, ಬಿಲ್ ತಡೆಹಿಡಿಯಿರಿ. ಎಲ್ಲರ ಪಾಸ್‌ವರ್ಡನ್ನೂ ಹುಟ್ಟಿದ ದಿನಾಂಕಕ್ಕೆ ಇಟ್ಟಿದ್ದರೆ ಪಿನ್ ಇದ್ದೂ ಇಲ್ಲದಂತೆ, ಗೆಳೆಯರಿಗೆ ಮೊದಲು ಗೊತ್ತಿರುವುದೇ ಅದು.

ಸೀಲು ಮಸಿ

ಆಯ್ತು, ಬೆರಳಚ್ಚು ಬಿಡ್ರಿ. ಕಂಪ್ಯೂಟರ್ ಇಲ್ಲದೆ ಟಿಕೆಟ್ ಪದ್ಧತಿ ಇನ್ನೂ ನಡೆಸೋ ಪದವಿ ಕಾಲೇಜುಗಳಿಗೆ ಏನು ಮಾಡ್ಬೇಕು?

ಚಾರ್ಜಿಂಗ್ ಟ್ರೇ

ಬ್ರೌನ್ ಪದ್ಧತಿಯಲ್ಲಿ (ನೀವು ಹೇಳಿದ ಟಿಕೆಟ್ ಪದ್ಧತಿ ಅದೇ; ಸದಸ್ಯರಿಗೆ ಪುಸ್ತಕಕ್ಕೊಂದರಂತೆ ಪಾಕೆಟ್ ಆಕಾರದ ಟಿಕೆಟ್ ಕೊಟ್ಟಿರುತ್ತಾರೆ) ಟಿಕೆಟ್ ಯಾರ ಕೈಯಲ್ಲಿದೆಯೋ ಪುಸ್ತಕ ಅವರಿಗೆ, ಅದರಲ್ಲಿ ಮುಖವೇ ಇಲ್ಲ. ಟಿಕೆಟ್ ಪಾಕೆಟಿನ ಮೇಲೆ ಸ್ಟ್ಯಾಂಪ್ ಅಳತೆಯ ಫೋಟೊ ಅಂಟಿಸಿ, ಅರ್ಧ ಫೋಟೊ ಮೇಲೆ ಅರ್ಧ ಪಾಕೆಟ್ ಮೇಲೆ ಬೀಳುವಂತೆ ಸೀಲ್ ಒತ್ತಿ. ಫೋಟೊ ಕಿತ್ತು ಬೇರೆಯದು ಅಂಟಿಸಿದರೆ ಸೀಲಿನ ಗೆರೆ ಕೂಡುವುದಿಲ್ಲ. ಅರ್ಜಿಗಳನ್ನು ಸದಸ್ಯರ ನಂಬರಿನ ಕ್ರಮದಲ್ಲಿ ಫೈಲ್ ಮಾಡಿ ಕೌಂಟರಿನಲ್ಲೇ ಇಡಿ, ಮಾದರಿ ಸಹಿ ತಾಳೆ ನೋಡಲು ಬೇಕಾಗುತ್ತದೆ. ಓದುವ ಕೋಣೆಗೆ ಪುಸ್ತಕ ಕೊಟ್ಟು ಐಡಿ ಕಾರ್ಡನ್ನು ಒತ್ತೆ ಇಟ್ಟುಕೊಳ್ಳುವ ರೂಢಿ ಬಿಡಿಸಿ. ಗಂಟೆ ಹೊಡೆದ ಗಡಿಬಿಡಿಯಲ್ಲಿ ಒಬ್ಬರ ಕಾರ್ಡ್ ಇನ್ನೊಬ್ಬರ ಕೈ ಸೇರುವುದು ಅಲ್ಲೇ.

ಮಲೆನಾಡ ಓದುಗಿ

ಇಷ್ಟು ಬಿಗಿ ಮಾಡಿದ ಮೇಲೆ ನ್ಯಾಯವಾಗಿ ಬೇರೆಯವರ ಪರ ಬರುವವರಿಗೂ ದಾರಿ ಇರಲಿ. ಊರಿನ ಸದಸ್ಯರಲ್ಲಿ ಮೆಟ್ಟಿಲು ಹತ್ತಲಾಗದ ಹಿರಿಯರಿರುತ್ತಾರೆ, ಅವರ ಪರ ಮೊಮ್ಮಗಳು ಬರುತ್ತಾಳೆ. ಸದಸ್ಯರಿಂದ ಒಮ್ಮೆ ಸಹಿ ಮಾಡಿದ ಪತ್ರ ತೆಗೆದುಕೊಂಡು, ಯಾರು ಬರಬಹುದು ಎಂದು "ಸರ್ಕ್ಯುಲೇಷನ್ ನೋಟ್" ಜಾಗದಲ್ಲಿ ಬರೆಯಿರಿ. ಇಶ್ಯೂ ಪರದೆ ತೆರೆದ ಕೂಡಲೇ ಅದು ಕಣ್ಣಿಗೆ ಬೀಳುತ್ತದೆ. ಒಬ್ಬ ಸದಸ್ಯರಿಗೆ ಇಬ್ಬರಿಗಿಂತ ಹೆಚ್ಚು ಹೆಸರು ಬೇಡ, ವರ್ಷಕ್ಕೊಮ್ಮೆ ನವೀಕರಣದ ಜೊತೆಗೇ ಮತ್ತೆ ಕೇಳಿ. ಬಂದವರು ತಮ್ಮ ಗುರುತಿನ ಚೀಟಿ ತೋರಿಸಬೇಕು, ಪುಸ್ತಕದ ಹೊಣೆ ಮಾತ್ರ ಸದಸ್ಯರದೇ. ರಿಟರ್ನ್ ಯಾರು ತಂದರೂ ತೆಗೆದುಕೊಳ್ಳಿ, ಅಲ್ಲಿ ಗುರುತು ಕೇಳುವುದು ದಂಡ ಹೆಚ್ಚಿಸುವ ಕೆಲಸ.

ಫೋನಿನಲ್ಲಿ "ನನ್ನ ಮಗ ಯಾವ ಪುಸ್ತಕ ಒಯ್ದಿದ್ದಾನೆ?" ಎಂದು ಕೇಳಿದರೆ ಹೇಳಬೇಡಿ, ಕರೆ ಮಾಡಿದವರು ಯಾರೆಂದು ನಿಮಗೆ ತಿಳಿಯುವುದಿಲ್ಲ. ಸದಸ್ಯರೇ ಕರೆ ಮಾಡಿ ರಿನ್ಯೂ ಕೇಳಿದರೆ ಕಾರ್ಡ್ ನಂಬರ್ ಜೊತೆಗೆ ಅವರ ಬಳಿ ಇರುವ ಒಂದು ಪುಸ್ತಕದ ಅಕ್ಸೆಷನ್ ನಂಬರ್ ಓದಿ ಹೇಳಲು ಕೇಳಿ. ಪುಸ್ತಕ ಕೈಯಲ್ಲಿರುವವರಿಗೆ ಅದು ಅರೆಕ್ಷಣದ ಕೆಲಸ. ಪಾಸ್‌ವರ್ಡ್ ಬದಲಾವಣೆಯನ್ನು ಫೋನಿನಲ್ಲಿ ಮಾಡಲೇಬೇಡಿ. ಖಾತೆಯಲ್ಲಿ ಈಗಾಗಲೇ ಇರುವ ಮೇಲ್ ವಿಳಾಸಕ್ಕೆ ಲಿಂಕ್ ಹೋಗಲಿ. ಆ ಮೇಲ್ ವಿಳಾಸವನ್ನೇ ಬದಲಿಸಿ ಎಂದರೆ ಕಾರ್ಡ್ ಹಿಡಿದು ಕೌಂಟರಿಗೆ ಬರಲು ಹೇಳಿ.